ಅಧ್ಯಕ್ಷರಿಗೆ ಕೈ ಇಲ್ಲ

ಭಾನುವಾರ, ಮಾರ್ಚ್ ಹದಿನಾಲ್ಕು
ಮಧ್ಯಾಹ್ನ, ಮನೆಯಿಂದ

ಪ್ರೀತಿಯ ತಮ್ಮಾ,

ಆಶೀರ್ವಾದಗಳು. ನಾವೆಲ್ಲ ಇಲ್ಲಿ ಕ್ಷೇಮ ಎಂದು ಬರೆಯುವುದು ವಾಡಿಕೆ, ಆದ್ದರಿಂದ ಬರೆದಿದ್ದೇನೆ. ನೀನೂ ಹೋದ ಪತ್ರದಲ್ಲಿ ಜೈಲಿನಲ್ಲಿ ಕ್ಷೇಮವಾಗಿದ್ದೇನೆ ಎಂದು ಬರೆದಿದ್ದೆ. ಅಮ್ಮ ಇದ್ದಿದ್ದರೆ ಇಬ್ಬರ ಕಿವಿಯನ್ನೂ ಹಿಂಡುತ್ತಿದ್ದಳು.

ಉತ್ತರ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಶಾಲೆ ಶುರುವಾಗುವ ಮುಂಚೆ ಸಮವಸ್ತ್ರದ ಆರ್ಡರು ಮುಗಿಯಬೇಕು ಅಂತ ಫ್ಯಾಕ್ಟರಿಯಲ್ಲಿ ನಮ್ಮನ್ನು ಅರೆಯುತ್ತಿದ್ದಾರೆ. ದಿನವಿಡೀ ಕಾಲರು ಹೊಲಿಯುವುದು. ಕಣ್ಣು ಮುಚ್ಚಿದರೂ ಬಿಳಿ ಕಾಲರುಗಳೇ ಒಂದರ ಹಿಂದೆ ಒಂದು ಬರುತ್ತವೆ. ಆದರೆ ತಡವಾದದ್ದಕ್ಕೆ ಅದು ನೆಪ ಅಷ್ಟೇ. ಒಕ್ಕೂಟದ ಸಭೆ ಮುಗಿಯಲಿ, ಒಟ್ಟಿಗೆ ಒಂದು ಒಳ್ಳೆಯ ಸುದ್ದಿ ಬರೆದು ನಿನ್ನ ಬಾಯಿ ಮುಚ್ಚಿಸೋಣ ಅಂತ ಕಾಯುತ್ತಿದ್ದೆ. ಸಭೆ ನಿನ್ನೆ ಮುಗಿಯಿತು.

ಈ ಪತ್ರವನ್ನು ನಿನಗಿಂತ ಮೊದಲು ಓದುವ ಜೈಲಿನ ಸಾಹೇಬರಿಗೂ ನಮಸ್ಕಾರ. ಸಾಹೇಬರೇ, ಕಳೆದ ಸಲ ನೀವು ಮಸಿ ಬಳಿದು ಅಳಿಸಿದ ಸಾಲು ನನ್ನ ಮಂಡಿನೋವಿನ ಬಗ್ಗೆ ಇತ್ತು. ಅದರಲ್ಲಿ ಯಾವ ಸಂಚೂ ಇರಲಿಲ್ಲ. ಮಂಡಿ ಈಗಲೂ ನೋಯುತ್ತಿದೆ.

ಮೊದಲು ಮನೆ ಸುದ್ದಿ. ನಿನ್ನ ಹೆಂಡತಿ ಬೇಕರಿಯಲ್ಲಿ ಬೆಳಗಿನ ಪಾಳಿಗೆ ಬದಲಾಗಿದ್ದಾಳೆ. ಒಲೆಯ ಬಿಸಿಗೆ ಮೊಣಕೈವರೆಗೂ ಕೆಂಪಾಗಿರುತ್ತದೆ, ಕೇಳಿದರೆ 'ಚಳಿಗಾಲದಲ್ಲಿ ಇದೇ ಸುಖ ಅಕ್ಕ' ಅನ್ನುತ್ತಾಳೆ. ಈಗ ಬೇಸಿಗೆ ಅನ್ನುವುದು ಅವಳಿಗೆ ನೆನಪಿಲ್ಲವೋ ಏನೋ. ಹೋದ ವಾರ ಇದ್ದಕ್ಕಿದ್ದ ಹಾಗೆ ಟ್ರಂಕು ತೆಗೆದು ನಿನ್ನ ಅಂಗಿಗಳನ್ನೆಲ್ಲ ಒಗೆದು, ಬಾಗಿಲ ಮುಂದಿನ ಹಗ್ಗದ ಮೇಲೆ ಸಾಲಾಗಿ ಹಾಕಿದಳು. 'ಮುಗ್ಗಲು ವಾಸನೆ ಬಂದಿತ್ತು, ಗಾಳಿ ಆಡಲಿ ಅಂತ' ಅಂದಳು. ನೀಲಿ ಅಂಗಿಯ ಕಾಲರು ಹರಿದಿತ್ತು. ನಾನು ತಿರುಗಿಸಿ ಹೊಲಿದುಕೊಟ್ಟೆ. ಹೊಲಿದ ಗುರುತು ಸಿಗದ ಹಾಗೆ ಹೊಲಿದಿದ್ದೇನೆ, ಅಷ್ಟು ಮಾತ್ರ ಜಂಬ ಕೊಚ್ಚಿಕೊಳ್ಳಲು ಬಿಡು.

ನಮ್ಮ ಹಳಿ ಬೀದಿಯ ಎಲ್ಲ ಬಾಗಿಲಿಗೂ ಕೆಂಪು ಬಣ್ಣದಲ್ಲಿ ನಂಬರು ಬರೆದು ಹೋಗಿದ್ದಾರೆ. ಜೂನ್ ಒಂದರೊಳಗೆ ಖಾಲಿ ಮಾಡಬೇಕಂತೆ. ಗೂಡ್ಸ್ ಯಾರ್ಡಿಗೆ ದೊಡ್ಡ ಲಾರಿಗಳು ನೇರವಾಗಿ ಬರಲು ರಸ್ತೆ ಬೇಕು, ಆ ರಸ್ತೆ ನಮ್ಮ ಅಡುಗೆಮನೆಗಳ ಮೇಲೇ ಹಾಯಬೇಕು. ಪಕ್ಕದ ಮನೆಯ ಕೊಡೆ ರಿಪೇರಿ ಅಜ್ಜ ಆ ಬಣ್ಣ ಬಳಿಯುವವನ ಹತ್ತಿರ, 'ಹುಟ್ಟಿದಾಗಿನಿಂದ ಇಲ್ಲಿದೀನಿ, ಮನೆಗೊಂದು ನಂಬರು ಕೊಡಿ ಅಂತ ಕೇಳಿ ಕೇಳಿ ಸಾಕಾಗಿತ್ತು. ಕೊನೆಗೂ ಕೊಟ್ರಲ್ಲಪ್ಪ, ಒಡೆಯೋಕಾದ್ರೂ' ಅಂದ. ಬೀದಿಯವರೆಲ್ಲ ನಕ್ಕರು. ಆಮೇಲೆ ಅಜ್ಜ ಒಳಗೆ ಹೋಗಿ ಬಾಗಿಲು ಹಾಕಿಕೊಂಡವನು ಸಂಜೆಯವರೆಗೂ ತೆಗೆಯಲಿಲ್ಲ.

ಇನ್ನು ಸಭೆಯ ವಿಷಯ. ನೀನು ಹೋದ ಪತ್ರದಲ್ಲಿ ಕುಶಲ ಕೇಳಿದ್ದು ಒಂದು ಸಾಲು, ಬೇಡಿಕೆ ಪತ್ರದ ನಾಲ್ಕನೇ ಅಂಶ ಏನಾಯಿತು ಅಂತ ಕೇಳಿದ್ದು ಒಂದು ಪುಟ. ಆದ್ದರಿಂದ ಎಲ್ಲವನ್ನೂ ಬಿಡಿಸಿ ಬರೆಯುತ್ತೇನೆ. ಓದುವಾಗ ಅರ್ಧಕ್ಕೇ ಎದ್ದು ಓಡಾಡಬೇಡ. ಅಲ್ಲಿ ಓಡಾಡಲು ಜಾಗ ಎಲ್ಲಿದೆ ಅಂತೀಯ, ಅದೂ ಸರಿ.

ಸಭೆ ನಡೆದದ್ದು ಸೈಕಲ್ ಅಂಗಡಿಯ ಮೇಲಿನ ಮುದ್ರಣ ಕಾರ್ಮಿಕರ ಹಾಲಿನಲ್ಲೇ. ಅದೇ ಬೆಂಚುಗಳು, ಗೋಡೆಗೆ ಅಂಟಿದ ಅದೇ ಶಾಯಿ ವಾಸನೆ, ಮೈಕು ಹಿಡಿದರೆ ಕಿವಿಗೆ ಸೂಜಿ ಚುಚ್ಚಿದ ಹಾಗೆ ಕೂಗುವ ಅದೇ ಪೆಟ್ಟಿಗೆ. ಒಕ್ಕೂಟದಲ್ಲಿ ಈಗ ಹನ್ನೊಂದು ಸಂಘ. ನಮ್ಮ ಹಳಿ ಬೀದಿ ಸಮಿತಿಯ ಪರವಾಗಿ ನಾನು ಹೋಗಿದ್ದೆ. ನಿನ್ನ ವಕೀಲಮ್ಮನೂ ಬಂದಿದ್ದಳು, ಆದರೆ ಯಾವುದೋ ವಿದ್ಯಾರ್ಥಿಯನ್ನು ಠಾಣೆಯಲ್ಲಿ ಕೂರಿಸಿದ್ದಾರೆ ಅಂತ ಫೋನು ಬಂದು ಶುರುವಿನಲ್ಲೇ ಹೊರಟುಹೋದಳು. ಹೋಗುವಾಗ ನನ್ನ ಭುಜ ಒತ್ತಿ, 'ಇವತ್ತು ಆಗುತ್ತೆ ಅಕ್ಕ, ನಾನು ಎಣಿಸಿ ನೋಡಿದೀನಿ' ಅಂದಳು.

ಅಧ್ಯಕ್ಷತೆ ಯಾರದ್ದು ಅಂತ ಮಾತು ಬಂದಾಗ ನಮ್ಮ ಕಾರ್ಯದರ್ಶಿ ಮೇಷ್ಟ್ರು ಎದ್ದು ನಿಂತರು. ವಯಸ್ಸಾಗಿದೆ ಕಣೋ ಅವರಿಗೆ. 'ನಮ್ಮಲ್ಲೊಬ್ಬ ಒಳಗಿದ್ದಾನೆ. ಅವನನ್ನು ಇಲ್ಲಿ ಕೂರಿಸೋಕೆ ನಮ್ಮ ಕೈಲಾಗಲಿಲ್ಲ. ಅವನ ಅಕ್ಕನನ್ನಾದರೂ ಕೂರಿಸೋಣ' ಅಂದರು. ಹಾಲಿನಲ್ಲಿದ್ದವರೆಲ್ಲ ಎದ್ದು ಚಪ್ಪಾಳೆ ಹೊಡೆದರು. ನನ್ನ ಕಣ್ಣು ತುಂಬಿತು. ಕಾಲರು ಹೊಲಿಯುವವಳು ಮೇಜಿನ ಹಿಂದಿನ ಎತ್ತರದ ಕುರ್ಚಿಯಲ್ಲಿ ಕೂತೆ. ಅಮ್ಮ ನೋಡಬೇಕಿತ್ತು ಅನ್ನಿಸಿತು. ಬೇರೆ ಏನೂ ಆ ಕ್ಷಣಕ್ಕೆ ತಲೆಗೆ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ, ಅವರಿಗೂ ಹೊಳೆಯಲಿಲ್ಲ.

ಬೆಳಗ್ಗೆಯೆಲ್ಲ ಪರಾಮರ್ಶೆ ನಡೆಯಿತು. ನಾವೇ ಬೀದಿ ಬೀದಿ ತಿರುಗಿ ಗೆಲ್ಲಿಸಿದ ಸರ್ಕಾರ ಬಂದು ಮೂರು ವರ್ಷ ಆಯಿತಲ್ಲ, ಅದರಲ್ಲಿ ನಾವು ಎಷ್ಟು ದೂರ ಬಂದೆವು ಅಂತ ಲೆಕ್ಕ ಹಾಕುವುದು. ಮೇಷ್ಟ್ರು ವರದಿ ಓದಿದರು. ಬಾಡಿಗೆ ಕಾನೂನು ಪಾಸಾಗಿದೆ, ಜಾರಿಗೆ ಬಂದಿಲ್ಲ. ಗುತ್ತಿಗೆ ನೌಕರರನ್ನು ಖಾಯಂ ಮಾಡಿ ಅಂತ ನ್ಯಾಯಾಲಯ ಹೇಳಿದೆ, ಯಾರೂ ಮಾಡಿಲ್ಲ. ವಿದ್ಯಾರ್ಥಿನಿಲಯ ಉದ್ಘಾಟನೆ ಆಗಿದೆ, ಮಂಚ ಬಂದಿಲ್ಲ. ಹೀಗೆ ಓದಿ ಓದಿ ಕೊನೆಗೆ 'ಒಟ್ಟಾರೆ ಭಾಗಶಃ ಮುನ್ನಡೆ' ಅಂತ ಮುಗಿಸಿದರು. ವಿದ್ಯಾರ್ಥಿಗಳ ಕಡೆಯಿಂದ ಬಂದಿದ್ದ ಗಡ್ಡದವನು ಎದ್ದು, 'ಸರ್, ಯಾರು ಮುಂದೆ ಹೋದ್ರು? ನಮ್ಮ ಜೊತೆ ಈ ಬೆಂಚಲ್ಲಿ ಕೂತಿದ್ದೋರು ಒಬ್ರು ಮಂತ್ರಿ ಆದ್ರು. ಅದನ್ನ ಬಿಟ್ರೆ ಬೆಂಚು ಇದ್ದಲ್ಲೇ ಇದೆ' ಅಂದ. ಯಾರನ್ನು ಹೇಳಿದ ಅಂತ ನಿನಗೆ ಗೊತ್ತು. ನಿನ್ನ ಗ್ಯಾರೇಜಿನ ಮುಂದೆ ಕೆಟ್ಟು ನಿಂತ ಬಸ್ಸಿನ ಮೇಲೆ ಹತ್ತಿ ಭಾಷಣ ಮಾಡಿದವನು. ನೀನು ಆ ಬಸ್ಸನ್ನು ಅಷ್ಟು ಬೇಗ ರಿಪೇರಿ ಮಾಡಬಾರದಿತ್ತು.

ಆ ಗಡ್ಡದವನ ಮಾತಿಗೆ ಯಾರೂ ನಗಲಿಲ್ಲ. ಮೊದಲಾಗಿದ್ದರೆ ಇಂಥ ಮಾತಿಗೆ ಜಗಳ ಹತ್ತಿಕೊಳ್ಳುತ್ತಿತ್ತು. ಈಗ ಜಗಳಕ್ಕೂ ಯಾರಿಗೂ ತ್ರಾಣ ಇಲ್ಲ. ಎಲ್ಲರ ಮುಖದಲ್ಲೂ ಒಂದೇ ಭಯ ಇತ್ತು ತಮ್ಮಾ. ನಾವು ಮುಗಿದುಹೋಗುತ್ತಿದ್ದೇವೆ, ಇದು ಕೊನೆಯ ಅಭಿಯಾನ, ಇದೂ ಒಡೆದರೆ ಮುಂದೆ ಈ ಹಾಲಿನ ದೀಪ ಹಾಕುವವರೂ ಇರುವುದಿಲ್ಲ ಅನ್ನುವ ಭಯ. ನನಗೂ ಅದೇ ಭಯ ಇತ್ತು. ಮುಂದಿನದನ್ನು ಓದುವಾಗ ಅದನ್ನು ನೆನಪಿನಲ್ಲಿಟ್ಟುಕೋ.

ಊಟದ ನಂತರ ಜಂಟಿ ಅಭಿಯಾನದ ಬೇಡಿಕೆಗಳು. ಜುಲೈನಲ್ಲಿ ಎಲ್ಲ ಸಂಘಗಳೂ ಸೇರಿ ಒಂದೇ ಮೆರವಣಿಗೆ, ಒಂದೇ ಬೇಡಿಕೆ ಪತ್ರ. ಬಾಡಿಗೆ, ಖಾಯಮಾತಿ, ಕುಡಿಯುವ ನೀರು, ಇವು ಮೂರೂ ಸಲೀಸಾಗಿ ದಾಟಿದವು. ನಾಲ್ಕನೆಯದು ಹಳಿ ಬೀದಿ. ನಮ್ಮ ಪದ್ಧತಿ ನಿನಗೆ ಗೊತ್ತಲ್ಲ, ಕರಡು ಎಲ್ಲರ ಕೈಯಲ್ಲೂ ಇರುವಾಗ ಅದನ್ನು ಮತ್ತೆ ಓದುವುದಿಲ್ಲ, ನಂಬರು ಮಾತ್ರ ಕೂಗುತ್ತಾರೆ. ಮೇಷ್ಟ್ರು 'ನಾಲ್ಕು' ಅಂದರು.

ಎಲ್ಲರೂ ಗುಡುಗು ಅಂತ ಕರೆಯುತ್ತಾರಲ್ಲ, ಅವನು ಎದ್ದ. ಲೋಡಿಂಗ್ ಕಾರ್ಮಿಕರ ಸಂಘಕ್ಕೆ ಈಗಲೂ ಅವನೇ ಮುಖಂಡ. ಮೈಕು ಬೇಡದ ಗಂಟಲು ಅದು, ನಿನ್ನೆ ಮಾತ್ರ ಮೈಕು ಕೇಳಿ ಇಸಿದುಕೊಂಡ. 'ಇದು ಹೇಳೋಕೆ ನನಗೆ ಕಷ್ಟ ಆಗುತ್ತೆ' ಅಂತ ಶುರು ಮಾಡಿದ. 'ನಮ್ಮ ಹುಡುಗರು ಯಾರ್ಡಲ್ಲಿ ಮೂಟೆ ಹೊತ್ತು ಹೊತ್ತು ಬೆನ್ನು ಮುರ್ಕೊಂಡಿದಾರೆ. ಎಲ್ಲಾ ದಿನಗೂಲಿ. ಆ ರಸ್ತೆ ಬಂದ್ರೆ ಖಾಯಂ ಮಾಡ್ತೀವಿ ಅಂತ ಮೊದಲ ಸಲ ಕಾಗದದ ಮೇಲೆ ಕೊಟ್ಟಿದಾರೆ. ರಸ್ತೆ ಬೇಡ ಅಂತ ನಾನಿಲ್ಲಿ ಕೈ ಎತ್ತಿ ಹೋದ್ರೆ, ನಾಳೆ ಯಾರ್ಡ್ ಒಳಗೆ ಕಾಲಿಡೋಕಾಗಲ್ಲ. ನಾಲ್ಕು ಇದ್ರೆ ನಾವಿಲ್ಲ. ಬೆದರಿಕೆ ಅಲ್ಲ ಇದು, ಇರೋ ವಿಷಯ.' ಹೇಳುವಾಗ ಅವನು ನೋಡುತ್ತಿದ್ದದ್ದು ಕಿಟಕಿಯನ್ನು, ನನ್ನನ್ನಲ್ಲ. ನಿನಗೆ ಜಾಮೀನು ಕೊಡಲು ತನ್ನ ಮನೆಯ ಪತ್ರ ಹಿಡಿದುಕೊಂಡು ನ್ಯಾಯಾಲಯದ ಮೆಟ್ಟಿಲ ಮೇಲೆ ದಿನವಿಡೀ ನಿಂತಿದ್ದವನು ಇವನೇ. ಅವನನ್ನು ಬೈಯಲು ನನಗೆ ಬಾಯಿ ಬರುತ್ತಿಲ್ಲ, ಬಂದಿದ್ದರೆ ಹಗುರವಾಗುತ್ತಿದ್ದೆ.

ಅವನಿಗೆ ಉತ್ತರ ಕೊಡಬೇಕಿತ್ತು. ರಸ್ತೆ ಯಾರ್ಡಿನ ಹಿಂದುಗಡೆಯಿಂದಲೂ ಬರಬಹುದು, ನಾವೇ ಅಳೆದು ನಕ್ಷೆ ಮಾಡಿಸಿದ್ದೇವೆ, ನಿಮ್ಮ ಕೆಲಸವೂ ಉಳಿಯುತ್ತೆ ನಮ್ಮ ಮನೆಯೂ ಉಳಿಯುತ್ತೆ ಅಂತ ಹೇಳಬೇಕಿತ್ತು. ಆ ನಕ್ಷೆ ನನ್ನ ಚೀಲದಲ್ಲೇ ಇತ್ತು. ಚೀಲ ನನ್ನ ಕಾಲ ಹತ್ತಿರವೇ ಇತ್ತು. ನಾನು ಬಾಯಿ ತೆರೆದೆ. ಮೇಷ್ಟ್ರು ನನ್ನ ಕಡೆ ಬಗ್ಗಿ, ಮೆಲ್ಲಗೆ, ತುಂಬ ಮರ್ಯಾದೆಯಿಂದ, 'ಅಕ್ಕ, ನೀವು ಅಧ್ಯಕ್ಷರು' ಅಂದರು.

ಅಧ್ಯಕ್ಷರು ತಮ್ಮ ಸಂಘದ ಪರ ಮಾತಾಡುವಂತಿಲ್ಲ. ನಾನು ತೆರೆದ ಬಾಯನ್ನು ಮುಚ್ಚಿದೆ. ನೀರು ಕುಡಿದೆ.

ಆಮೇಲೆ ಕೈ ಎತ್ತುವುದು. ಒಂದು ಸಂಘಕ್ಕೆ ಒಂದು ಕೈ. ಮೇಷ್ಟ್ರು ಒಂದೊಂದೇ ಹೆಸರು ಕೂಗಿದರು. ಹೊಲಿಗೆಯವರು ನಾಲ್ಕು ಇರಲಿ ಅಂದರು. ಬಸ್ಸಿನವರು ಇರಲಿ ಅಂದರು. ಲೋಡಿಂಗಿನವರು ಬೇಡ, ಸಿಮೆಂಟಿನವರು ಬೇಡ. ಹೀಗೇ ಸಾಗಿತು. ಕೊನೆಗೆ 'ಹಳಿ ಬೀದಿ ಸಮಿತಿ' ಅಂತ ಕೂಗಿದರು. ಉತ್ತರ ಇಲ್ಲ. ಯಾರು ಬಂದಿದ್ದಾರೆ ಹಳಿ ಬೀದಿಯಿಂದ ಅಂತ ಎಲ್ಲರೂ ಬೆಂಚುಗಳ ಕಡೆ ತಿರುಗಿ ನೋಡಿದರು, ಆಮೇಲೆ ಒಬ್ಬೊಬ್ಬರಾಗಿ ನನ್ನ ಕಡೆ ನೋಡಿದರು. ನನ್ನ ಕೈ ಅಷ್ಟರಲ್ಲಿ ತಾನಾಗಿಯೇ ಅರ್ಧ ಎದ್ದುಬಿಟ್ಟಿತ್ತು. ಮೇಷ್ಟ್ರ ಮುಖ ಬಿಳಿಚಿತು. ಆಗ ಅವರಿಗೆ ಹೊಳೆಯಿತು, ಆಗ ನನಗೂ ಹೊಳೆಯಿತು. ಅಧ್ಯಕ್ಷರಿಗೆ ಕೈ ಇಲ್ಲ.

ಗೌರವ ಕೊಡಲು ಹೋಗಿ ಅವರು ನಮ್ಮ ಬೀದಿಯ ಒಂದೇ ಒಂದು ಕೈಯನ್ನು ಕಟ್ಟಿಹಾಕಿದ್ದರು. ಬೇರೆ ಯಾರನ್ನಾದರೂ ಕರೆಸಿಕೊಳ್ಳಿ ಅಂತ ಬೆಳಗ್ಗೆ ಒಬ್ಬರು ಹೇಳಿದ್ದರೆ ಆಗುತ್ತಿತ್ತು. ನಿನ್ನ ಹೆಂಡತಿ ಹಿಟ್ಟಿನ ಕೈಯಲ್ಲೇ ಓಡಿ ಬರುತ್ತಿದ್ದಳು, ಕೊಡೆ ಅಜ್ಜ ಆದರೂ ಬರುತ್ತಿದ್ದ. ಚಪ್ಪಾಳೆ ಹೊಡೆಯುವ ಭರದಲ್ಲಿ ಯಾರಿಗೂ ಅದು ಕಾಣಲಿಲ್ಲ. ಮಧ್ಯಾಹ್ನದ ಮೇಲೆ ಪ್ರತಿನಿಧಿ ಬದಲಾಯಿಸುವಂತಿಲ್ಲ. ನಾನು ಕೆಳಗೆ ಬೆಂಚಿನಲ್ಲಿ ಕೂತಿದ್ದರೆ ಆರು ಕೈ, ಐದು ಕೈ. ಮೇಲೆ ಕೂತದ್ದಕ್ಕೆ ಐದು, ಐದು.

ರಾತ್ರಿಯಿಂದ ನಾನು ಒಂದೇ ಯೋಚನೆ ಮಾಡುತ್ತಿದ್ದೇನೆ. ಇದು ಕುತಂತ್ರ ಆಗಿದ್ದರೆ ಎಷ್ಟು ಚೆನ್ನಾಗಿತ್ತು. ಯಾರೋ ಕೂತು ಸಂಚು ಮಾಡಿ ನನ್ನನ್ನು ಆ ಕುರ್ಚಿಗೆ ಏರಿಸಿದ್ದರೆ, ಅವರ ಮನೆ ಮುಂದೆ ಹೋಗಿ ಕೂಗಾಡಬಹುದಿತ್ತು. ಇಲ್ಲ ಕಣೋ. ಅವರೆಲ್ಲ ಪ್ರೀತಿಯಿಂದ ಮಾಡಿದರು. ಅದರಲ್ಲೂ ನಿನ್ನ ಮೇಲಿನ ಪ್ರೀತಿಯಿಂದ ಮಾಡಿದರು. ನಾನು ಯಾರ ಕುತ್ತಿಗೆ ಪಟ್ಟಿ ಹಿಡಿಯಲಿ ಹೇಳು.

ಐದು ಐದು ಆದಾಗ ಏನು ಮಾಡಬೇಕು ಅನ್ನುವುದಕ್ಕೂ ನಮ್ಮಲ್ಲೊಂದು ನಿಯಮ ಇದೆ. ಅದನ್ನು ತಂದವನು ನೀನು. ನೆನಪಿದೆ ತಾನೆ? ಒಕ್ಕೂಟ ಒಂದು ಸಲ ಒಡೆದು ಎರಡಾಗಿ, ಎರಡೂ ಕಡೆಯವರು ಬೇರೆ ಬೇರೆ ಮೆರವಣಿಗೆ ಮಾಡಿ, ಎರಡೂ ಮೆರವಣಿಗೆಯಲ್ಲಿ ಪೊಲೀಸರೇ ಜಾಸ್ತಿ ಇದ್ದರಲ್ಲ, ಆ ವರ್ಷ. ನೀನು ಗ್ರೀಸು ಮೆತ್ತಿದ ಕೈಯಲ್ಲೇ ಮೇಜು ಗುದ್ದಿ ಹೇಳಿದ್ದೆ. 'ಸಮ ಬಿದ್ದಾಗ ಮಾತ್ರ ಅಧ್ಯಕ್ಷರು ಕೈ ಎತ್ತಬೇಕು. ಆ ಕೈ ಒಗ್ಗಟ್ಟಿನ ಕಡೆಗೇ ಹೋಗಬೇಕು. ಯಾವ ಅಂಶದಿಂದ ಒಬ್ಬರು ಹೊರಗೆ ಹೋಗ್ತಾರೋ ಆ ಅಂಶ ಕೆಳಗಿಳೀಬೇಕು. ಅಂಶ ಮುಂದಿನ ವರ್ಷದ ಸಭೆಗೆ ಮತ್ತೆ ತರಬಹುದು. ಹೋದ ಮನುಷ್ಯ ಮತ್ತೆ ಬರಲ್ಲ.' ಎಲ್ಲರೂ ಭಲೇ ಅಂದರು. ನಾನೂ ಹಿಂದಿನ ಸಾಲಿನಲ್ಲಿ ಕೂತು ನನ್ನ ತಮ್ಮ ಎಷ್ಟು ಬುದ್ಧಿವಂತ ಅಂತ ಬೀಗಿದ್ದೆ.

ಮೇಷ್ಟ್ರು ಪೆನ್ನಿನ ಮುಚ್ಚಳವನ್ನು ಹಾಕಿ ತೆಗೆದು ಮಾಡುತ್ತಿದ್ದರು. ಎಲ್ಲರೂ ನನ್ನ ಕೈಯನ್ನೇ ನೋಡುತ್ತಿದ್ದರು. ನಾನು ಕೈ ಎತ್ತಿದೆ. ಒಗ್ಗಟ್ಟಿನ ಕಡೆಗೆ ಎತ್ತಿದೆ. ನಾಲ್ಕನೇ ಅಂಶ ಬಿದ್ದುಹೋಯಿತು, ಕೆಳಗಿಳಿಸಿದವಳು ನಾನೇ.

ಆಮೇಲೆ ಚಪ್ಪಾಳೆ. ಬೆಳಗ್ಗಿನದಕ್ಕಿಂತ ಜೋರಾಗಿ. ನದಿ ಉಳಿಸುವ ಸಂಘದ ಹೆಂಗಸೊಬ್ಬಳು ಬಂದು ನನ್ನ ಎರಡೂ ಕೈ ಹಿಡಿದು, 'ಇಷ್ಟು ನ್ಯಾಯವಾಗಿ ಸಭೆ ನಡೆಸಿದೋರನ್ನ ನಾನು ನೋಡೇ ಇಲ್ಲ' ಅಂದಳು. ಗುಡುಗು ತಾನೇ ಹೋಗಿ ಟೀ ತಂದು ನನ್ನ ಮುಂದೆ ಇಟ್ಟ. ಕುಡಿದೆ. ಸಕ್ಕರೆ ಜಾಸ್ತಿ ಹಾಕಿಸಿದ್ದ, ನನಗೆ ಹಾಗೇ ಬೇಕು ಅಂತ ಅವನಿಗೆ ಗೊತ್ತು.

ಇನ್ನೊಂದು ಹೇಳಿಬಿಡುತ್ತೇನೆ, ನೀನು ನಗಬಹುದು. ಮೆರವಣಿಗೆ ಹೊರಡುವುದು ನಮ್ಮ ರೈಲು ಸೇತುವೆಯಿಂದ. ಯಾರು ಯಾರು ಏನೇನು ವ್ಯವಸ್ಥೆ ನೋಡಿಕೊಳ್ಳಬೇಕು ಅಂತ ಹಂಚುವಾಗ, ಮೆರವಣಿಗೆಯವರಿಗೆ ಕುಡಿಯುವ ನೀರು ಕೊಡುವ ಕೆಲಸ ಹಳಿ ಬೀದಿಗೆ ಬಂತು. ಹತ್ತಿರ ಇದೆಯಲ್ಲ ಅಂತ. ಮೆರವಣಿಗೆ ಜುಲೈನಲ್ಲಿ, ನಮ್ಮನ್ನು ಒಡೆಯುವುದು ಜೂನ್‌ನಲ್ಲಿ. ಯಾರಿಗೂ ಹೊಳೆಯಲಿಲ್ಲ. ನಾನು ಅಧ್ಯಕ್ಷೆ, 'ಅಂಗೀಕಾರ' ಅಂದೆ.

ನಡೆದುಕೊಂಡೇ ಮನೆಗೆ ಬಂದೆ. ನಿನ್ನ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ನನಗೆ ಕಾಲು ತೊಳೆಯಲು ಬಿಸಿನೀರು ಕಾಯಿಸಿಟ್ಟಿದ್ದಳು, ಮಂಡಿಗೆ ಒಳ್ಳೆಯದು ಅಂತ. ಕೂತ ಮೇಲೆ ಕೇಳಿದಳು. 'ಅಕ್ಕ, ನಾಲ್ಕು ಆಯ್ತಾ?' ನಾನು, 'ಇನ್ನೂ ಮಾತುಕತೆ ನಡೀತಿದೆ' ಅಂದೆ. ಅವಳು ಹಗ್ಗದ ಮೇಲಿದ್ದ ನಿನ್ನ ಅಂಗಿಗಳು ಒಣಗಿವೆಯಾ ಅಂತ ಒಂದೊಂದನ್ನೇ ಮುಟ್ಟಿ ನೋಡುತ್ತಾ ನಿಂತಳು. ಅವು ಒಣಗಿ ವಾರ ಆಗಿದೆ.

ನಾಳೆ ಬೀದಿಯವರಿಗೆ ಹೇಳಬೇಕು. ನಲ್ಲಿಯ ಹತ್ತಿರ ಎಲ್ಲರೂ ಸೇರುತ್ತಾರೆ. ಹನ್ನೊಂದು ಸಂಘದ ಬಾವುಟಗಳು ನಮ್ಮ ಬಾಗಿಲಿಗೆ ಅಡ್ಡ ನಿಲ್ಲುತ್ತವೆ ಅಂತ ಕಾದಿದ್ದಾರೆ ಅವರು. ಹೇಗೆ ಶುರು ಮಾಡಲಿ? ಇಷ್ಟು ವರ್ಷ ಎಷ್ಟೊಂದು ಸಭೆಗಳಲ್ಲಿ ಮಾತಾಡಿದ್ದೇನೆ, ನಲ್ಲಿಯ ಹತ್ತಿರ ಆಡಬೇಕಾದ ಈ ನಾಲ್ಕು ಮಾತು ನನಗೆ ಸಿಗುತ್ತಿಲ್ಲ. ಗೆದ್ದರೆ ಮನೆ ಉಳಿಯುತ್ತೆ, ಸೋತರೆ ಒಟ್ಟಿಗಾದರೂ ಸೋಲುತ್ತೇವೆ ಅಂದುಕೊಂಡು ಬಂದವಳು ನಾನು. ಒಗ್ಗಟ್ಟು ಉಳಿಯಿತು, ಮನೆ ಹೋಯಿತು ಅನ್ನುವ ಲೆಕ್ಕವನ್ನು ಯಾರಿಗೆ ಹೇಳಿ ಒಪ್ಪಿಸಲಿ.

ನೀನು ಆರೋಗ್ಯ ನೋಡಿಕೋ. ಕೆಮ್ಮು ಇದೆ ಅಂತ ಬರೆದಿದ್ದೆ, ತಣ್ಣೀರು ಕುಡಿಯಬೇಡ. ಸೋಪು, ಬನಿಯನ್ನು ಮುಂದಿನ ಭೇಟಿಗೆ ತರುತ್ತೇನೆ. ಯಾರ ಜೊತೆಗೂ ಜಗಳಕ್ಕೆ ನಿಲ್ಲಬೇಡ, ನಿಂತರೂ ಹಲ್ಲು ಉಳಿಸಿಕೋ. ನಿನಗೆ ಒಳ್ಳೆಯದಾಗಲಿ, ಅಮ್ಮ ತಲೆ ಸವರಿ ಹೇಳುತ್ತಿದ್ದಳಲ್ಲ, ಹಾಗೆ ಸವರಿ ಹೇಳುತ್ತಿದ್ದೇನೆ ಅಂದುಕೋ.

ನಿನ್ನ ಪ್ರೀತಿಯ
ಅಕ್ಕ

ಮಂಗಳವಾರ ಸಂಜೆ

ಮೇಲಿನದನ್ನು ಬರೆದು ಲಕೋಟೆಗೆ ಹಾಕಿದ್ದೆ, ಅಂಟಿಸಿರಲಿಲ್ಲ. ಅಂಟಿಸದೆ ಇದ್ದದ್ದು ಯಾಕೆ ಅಂತ ನನಗೇ ಗೊತ್ತಿತ್ತು. ಮುಖ್ಯವಾದದ್ದನ್ನು ಬರೆದಿರಲಿಲ್ಲ. ನಾಡಿದ್ದು ವಕೀಲಮ್ಮ ನಿನ್ನನ್ನು ನೋಡಲು ಬರುತ್ತಾಳೆ, ಅವಳ ಬಾಯಿಂದ ಕೇಳುವುದಕ್ಕಿಂತ ನನ್ನಿಂದ ಕೇಳು.

ನಾಲ್ಕನೇ ಅಂಶಕ್ಕೆ ಎರಡನೇ ವಾಕ್ಯ ಒಂದಿತ್ತು. ಹಳಿ ಬೀದಿಗಾಗಿ, ಮನೆ ಒಡೆಯಲು ಬಂದ ಯಂತ್ರದ ಮುಂದೆ ಕೂತು ಬಂಧಿತನಾದವನ ಮೇಲಿನ ಕೇಸನ್ನು ಹಿಂತೆಗೆದುಕೊಂಡು ಅವನನ್ನು ಬಿಡುಗಡೆ ಮಾಡಬೇಕು ಅಂತ. ವಕೀಲಮ್ಮ ಅದನ್ನು ಕೊನೆಯ ವಾರದಲ್ಲಿ ಸೇರಿಸಿದ್ದಳು. ನಮ್ಮ ಹಳೆಯ ಗೆಳೆಯ ಮಂತ್ರಿ ಅವಳಿಗೆ ಹೇಳಿದ್ದನಂತೆ, 'ಒಂದು ಬೀದಿ ಕೇಳಿದ್ರೆ ನನ್ನ ಕೈಲಾಗಲ್ಲ. ಒಕ್ಕೂಟ ಒಟ್ಟಾಗಿ ಕೇಳಲಿ, ಮಾರನೇ ದಿನ ಸಹಿ ಹಾಕ್ತೀನಿ' ಅಂತ. ಆಸೆ ಹುಟ್ಟಿಸಿ ಆಮೇಲೆ ಕೆಡಬಾರದು ಅಂತ ನಿನಗೆ ತಿಳಿಸಿರಲಿಲ್ಲ. ನಿನ್ನ ಹೆಂಡತಿಗೆ ಗೊತ್ತಿತ್ತು. ಅಂಗಿಗಳು ಮುಗ್ಗಲು ವಾಸನೆಗೆ ಹಗ್ಗಕ್ಕೆ ಬಂದದ್ದಲ್ಲ.

ನಂಬರು ಮಾತ್ರ ಕೂಗುವ ನಮ್ಮ ಪದ್ಧತಿಯಲ್ಲಿ ಆ ಎರಡನೇ ವಾಕ್ಯ ಯಾರ ಬಾಯಿಗೂ ಬರಲಿಲ್ಲ. ಇವತ್ತು ಬೆಳಗ್ಗೆ ಗುಡುಗು ನಮ್ಮ ಬಾಗಿಲಿಗೆ ಬಂದಿದ್ದ. ವಕೀಲಮ್ಮ ಹೇಳಿದ ಮೇಲೆ ಕರಡು ತೆಗೆದು ಓದಿದ್ದಾನೆ. ಹೊಸ್ತಿಲ ಆಚೆಯೇ ನಿಂತು, 'ಒಂದು ಮಾತು ಹೇಳಿದ್ರೆ ಅದನ್ನ ಬೇರೆ ಅಂಶ ಮಾಡಿ ಅಂತ ನಾನೇ ಕೂಗ್ತಿದ್ದೆನಲ್ಲ ಅಕ್ಕ. ಯಾಕೆ ಹೇಳ್ಲಿಲ್ಲ?' ಅಂದ. ಮಕ್ಕಳ ಹಾಗೆ ಅತ್ತ. ಮೇಷ್ಟ್ರನ್ನು ಕೇಳಿದೆವು. ಬಿದ್ದ ಅಂಶ ಮುಂದಿನ ವರ್ಷದ ಸಭೆಗೇ ಬರಬೇಕು, ಇದನ್ನು ಮುರಿದರೆ ನಾಳೆ ಎಲ್ಲರೂ ಎಲ್ಲವನ್ನೂ ಮುರಿಯುತ್ತಾರೆ ಅಂದರು. ಅವರೂ ಅತ್ತರು. ಎಲ್ಲರೂ ಅಳುತ್ತಿದ್ದಾರೆ, ನೀನು ಒಳಗೇ ಇದ್ದೀಯ.

ಇಡೀ ಹಾಲಿನಲ್ಲಿ ಆ ವಾಕ್ಯ ನೆನಪಿದ್ದದ್ದು ನನಗೊಬ್ಬಳಿಗೆ. ಕೈ ಎತ್ತುವಾಗಲೂ ನೆನಪಿತ್ತು. ಕುರ್ಚಿ ಬಿಟ್ಟು ಎದ್ದು ಕೂಗಬಹುದಿತ್ತು, ನನ್ನನ್ನು ಯಾರು ಹೊಡೆಯುತ್ತಿದ್ದರು? ಸ್ವಂತ ತಮ್ಮನಿಗೋಸ್ಕರ ನಿಯಮ ಮುರಿದಳು ಅನ್ನಿಸಿಕೊಳ್ಳಬಾರದು ಅಂತ ಕೂತೆ. ಬೇರೆ ಯಾರ ತಮ್ಮ ಆಗಿದ್ದರೂ ಎದ್ದು ನಿಲ್ಲುತ್ತಿದ್ದೆ.

ನಿನ್ನೆ ನಲ್ಲಿಯ ಹತ್ತಿರ ಬೀದಿಯವರಿಗೆ ಮೊದಲರ್ಧವನ್ನು ಹೇಳಿದೆ. ನಿನ್ನ ಹೆಂಡತಿಗೆ ಎರಡನೆಯ ಅರ್ಧವನ್ನು ಹೇಳಲು ಮನೆಗೆ ಬಂದೆ. ಅವಳಿಗೆ ಹೇಳುವ ಅಗತ್ಯ ಇರಲಿಲ್ಲ. ಹಗ್ಗ ಖಾಲಿ ಇತ್ತು. ಅಂಗಿಗಳನ್ನೆಲ್ಲ ಮಡಿಸಿ ಟ್ರಂಕಿನಲ್ಲಿಟ್ಟು, ನೀಲಿಯದನ್ನು ಎಲ್ಲಕ್ಕಿಂತ ಕೆಳಗೆ ಹಾಕಿ, ಬೀಗ ಹಾಕುತ್ತಿದ್ದಳು. ನನಗೆ ಊಟಕ್ಕೆ ಬಡಿಸಿದಳು. ಅಕ್ಕ ಅಂತ ಮಾತ್ರ ಕರೆಯಲಿಲ್ಲ.

ನಿನ್ನ ಉತ್ತರ ಏನು ಬರುತ್ತೆ ಅಂತ ನನಗೆ ಈಗಲೇ ಗೊತ್ತು. 'ನೀನು ಮಾಡಿದ್ದು ಸರಿ ಅಕ್ಕ, ನಾನಿದ್ದಿದ್ದರೂ ಅದನ್ನೇ ಮಾಡುತ್ತಿದ್ದೆ' ಅಂತ ಬರೆಯುತ್ತೀಯ. ಸತ್ಯವಾಗಿಯೂ ನೀನು ಅದನ್ನೇ ಮಾಡುತ್ತಿದ್ದೆ, ಗೊತ್ತು. ಆದರೆ ಅದನ್ನು ಬರೆಯಬೇಡ ತಮ್ಮಾ. ಬೇರೆ ಏನು ಬೇಕಾದರೂ ಬರೆ. ಈ ಊರಿನಲ್ಲಿ ಎಲ್ಲರೂ ನನ್ನನ್ನು ಹೊಗಳುತ್ತಿದ್ದಾರೆ. ನೀನೊಬ್ಬನಾದರೂ ನನ್ನನ್ನು ಬೈ.